ಇಸಿ2 ಸ್ಪಾಟ್: ಅಗ್ಗ ಹೌದು, ಆದರೆ ದರದ ಗ್ರಾಫ್ ನಂಬಬೇಡಿ

ತನ್ನ ಕ್ಲೌಡ್ ಸೇವೆಯಲ್ಲಿ ಖಾಲಿ ಬಿದ್ದಿರುವ ಸರ್ವರ್‌ಗಳನ್ನು ಅಮೆಜಾನ್ 'ಇಸಿ2 ಸ್ಪಾಟ್' ಹೆಸರಿನಲ್ಲಿ ಅಗ್ಗಕ್ಕೆ ಬಾಡಿಗೆಗೆ ಬಿಡುತ್ತದೆ. ಆನ್-ಡಿಮಾಂಡ್ (ಬೇಕೆಂದಾಗ ಪಡೆಯುವ ಮಾಮೂಲಿ) ದರಕ್ಕಿಂತ ಶೇ. 90ರವರೆಗೆ ಕಡಿಮೆ ಅನ್ನುವುದು ಜಾಹೀರಾತು. 'ವರೆಗೆ' ಅನ್ನುವುದನ್ನು ಮರೆಯಬೇಡಿ.

2009ರಲ್ಲಿ ಶುರುವಾದಾಗ ಇದು ಹರಾಜು. ಬೇಡಿಕೆ ಏರಿದರೆ ದರ ಆನ್-ಡಿಮಾಂಡ್‌ಗಿಂತಲೂ ಮೇಲೆ ಹೋಗುತ್ತಿತ್ತು, ಕಡಿಮೆ ಬಿಡ್ ಹಾಕಿದವರ ಯಂತ್ರ ಹೋಗುತ್ತಿತ್ತು. 2017ರ ಕೊನೆಗೆ ಆ ಪದ್ಧತಿ ಬದಲಾಯಿತು. ಈಗ ದೀರ್ಘಾವಧಿಯ ಬೇಡಿಕೆ-ಪೂರೈಕೆ ನೋಡಿ ದರ ನಿಧಾನವಾಗಿ ಏರಿಳಿಯುತ್ತದೆ. ಕೊರತೆಯೇನೂ ಮಾಯವಾಗಿಲ್ಲ. ಮೊದಲು ದರದಲ್ಲಿ ಕಾಣುತ್ತಿದ್ದದ್ದು ಈಗ ಯಂತ್ರ ವಾಪಸ್ ಕಿತ್ತುಕೊಳ್ಳುವುದರಲ್ಲಿ ಕಾಣುತ್ತದೆ, ಅಷ್ಟೆ. 90 ದಿನಗಳ ದರದ ಗ್ರಾಫ್ ಸಪಾಟಾಗಿದ್ದರೂ ನಿಮ್ಮ ಸರ್ವರ್ ಮಧ್ಯರಾತ್ರಿ ಹೋಗಬಹುದು. ಹಾಗಾಗಿ ಮೊದಲು ಅಮೆಜಾನ್‌ನ 'ಸ್ಪಾಟ್ ಇನ್‌ಸ್ಟೆನ್ಸ್ ಅಡ್ವೈಸರ್' ಪುಟ ತೆರೆದು ಅಡಚಣೆಯ (ಯಂತ್ರ ವಾಪಸ್ ಹೋಗುವ) ಪ್ರಮಾಣ ನೋಡಿ. ಅದು ಶೇ. 5ಕ್ಕಿಂತ ಕಡಿಮೆ ಇರುವ ಯಂತ್ರದ ಮಾದರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಒಂದೊಂದು ಝೋನ್‌ನ (ರೀಜನ್‌ನೊಳಗಿನ ಪ್ರತ್ಯೇಕ ಡೇಟಾ ಸೆಂಟರ್ ತಾಣ) ಒಂದೊಂದು ಮಾದರಿಯೂ ಪ್ರತ್ಯೇಕ ಪೂಲ್, ಅಂದರೆ ಖಾಲಿ ಯಂತ್ರಗಳ ಗುಂಪು. ಮುಂಬೈ ರೀಜನ್‌ನ 3 ಝೋನ್‌ಗಳಲ್ಲಿ 4 ಮಾದರಿ ಒಪ್ಪಿಕೊಂಡರೆ 12 ಪೂಲ್‌ಗಳವರೆಗೆ ಸಿಗುತ್ತವೆ; ಒಂದೇ ಮಾದರಿಗೆ ಪಟ್ಟು ಹಿಡಿದರೆ ಮೂರೇ. ಯಂತ್ರಗಳ ಸಂಖ್ಯೆಯನ್ನು ತಾನೇ ಹೆಚ್ಚು-ಕಡಿಮೆ ಮಾಡುವ ಆಟೋ ಸ್ಕೇಲಿಂಗ್ ಗ್ರೂಪ್‌ನಲ್ಲಿ, ದರ ಮತ್ತು ಲಭ್ಯತೆ ಎರಡನ್ನೂ ನೋಡುವ 'ಪ್ರೈಸ್-ಕೆಪ್ಯಾಸಿಟಿ-ಆಪ್ಟಿಮೈಸ್ಡ್' ಆಯ್ದುಕೊಳ್ಳಿ. 'ಲೋಯೆಸ್ಟ್-ಪ್ರೈಸ್' ದರವನ್ನಷ್ಟೇ ನೋಡುತ್ತದೆ, ಪೂಲ್‌ನಲ್ಲಿ ಎಷ್ಟು ಉಳಿದಿದೆ ಎಂದು ನೋಡುವುದಿಲ್ಲ. ಗರಿಷ್ಠ ದರದ ಜಾಗ ಖಾಲಿ ಬಿಡಿ. ಅಲ್ಲಿ ಜಿಪುಣತನ ತೋರಿಸಿದರೆ ಅಡಚಣೆಗೆ ಇನ್ನೊಂದು ಕಾರಣ ಸೇರುತ್ತದೆ.

ವಾಪಸ್ ಪಡೆಯುವ ಮುನ್ನ 2 ನಿಮಿಷದ ನೋಟಿಸ್ ಬರುತ್ತದೆ. ಎಡವುವುದು ಹೆಚ್ಚಾಗಿ ಇಲ್ಲೇ. ಯಂತ್ರ ತನ್ನ ಬಗ್ಗೆ ತಾನೇ ಕೇಳಿ ತಿಳಿಯುವ ಮೆಟಾಡೇಟಾ ಸೇವೆಯ 'ಸ್ಪಾಟ್/ಇನ್‌ಸ್ಟೆನ್ಸ್-ಆ್ಯಕ್ಷನ್' ವಿಳಾಸವನ್ನು 5 ಸೆಕೆಂಡಿಗೊಮ್ಮೆ ಕೇಳಬೇಕು. ಉತ್ತರವಾಗಿ 200 ಕೋಡ್ ಬಂದರೆ ನೋಟಿಸ್ ಇದೆ, 404 ಬಂದರೆ ಇಲ್ಲ. 401 ಬಂದರೆ ಟೋಕನ್ (ಕೇಳಲು ಬೇಕಾದ ಅನುಮತಿ ಚೀಟಿ) ಸರಿಯಿಲ್ಲ ಎಂದರ್ಥ. 200 ಅಲ್ಲದ್ದೆಲ್ಲ ಸುರಕ್ಷಿತ ಎಂದು ಬರೆದ ಸ್ಕ್ರಿಪ್ಟ್ ಈ 401 ನೋಡಿಕೊಂಡೇ ನೆಮ್ಮದಿಯಾಗಿ ಸಾಯುತ್ತದೆ. ಕಂಟೇನರ್‌ನಿಂದ (ಯಂತ್ರದೊಳಗೆ ಪ್ರತ್ಯೇಕವಾಗಿ ಓಡುವ ಪ್ರೋಗ್ರಾಂ ಪೊಟ್ಟಣ) ಕೇಳುವುದಾದರೆ ಹಾಪ್ ಮಿತಿಯನ್ನು (ಉತ್ತರ ದಾಟಬಹುದಾದ ನೆಟ್‌ವರ್ಕ್ ಹಂತಗಳ ಸಂಖ್ಯೆ) 2ಕ್ಕೆ ಏರಿಸಿ. 1 ಇದ್ದರೆ ಟೋಕನ್ ಕಂಟೇನರ್‌ವರೆಗೆ ಬರದೇ ಹೋಗಬಹುದು.

ಚೆಕ್‌ಪಾಯಿಂಟ್ (ಕೆಲಸವನ್ನು ನಿಂತಲ್ಲಿಂದ ಮುಂದುವರಿಸಲು ಉಳಿಸುವ ಪ್ರತಿ) ಬರೆಯುವುದಕ್ಕೂ ಲೆಕ್ಕ ಹಾಕಿ. ಅಮೆಜಾನ್‌ನ ಜಿಪಿ3 ಮಾದರಿಯ ಡಿಸ್ಕಿನ ಮೂಲ ವೇಗ ಸೆಕೆಂಡಿಗೆ 125 ಎಂಬಿ. 120 ಸೆಕೆಂಡಿಗೆ ಸುಮಾರು 15 ಜಿಬಿ. ತರಬೇತಿಯಲ್ಲಿರುವ ಎಐ ಮಾಡೆಲ್ 40 ಜಿಬಿ ಇದ್ದರೆ ನೋಟಿಸ್ ಬಂದ ಮೇಲೆ ಶುರು ಮಾಡಿ ಪ್ರಯೋಜನವಿಲ್ಲ, ನಿಗದಿತ ಅವಧಿಗೊಮ್ಮೆ ಬರೆಯುತ್ತಲೇ ಇರಬೇಕು. ಹೈಬರ್ನೇಟ್ (ಮೆಮೊರಿಯನ್ನು ಡಿಸ್ಕಿಗೆ ಉಳಿಸಿ ಯಂತ್ರ ಮಲಗಿಸುವ) ಆಯ್ಕೆಯಲ್ಲಂತೂ ಆ 2 ನಿಮಿಷವೂ ಇಲ್ಲ, ನೋಟಿಸ್ ಬಂದ ಕೂಡಲೇ ಮಲಗಿಸುವುದು ಶುರು.

ಬಿಲ್ಲಿನ ಬಗ್ಗೆ ಎರಡು ಮಾತು. ಲಿನಕ್ಸ್ ಯಂತ್ರವನ್ನು ಮೊದಲ ಗಂಟೆಯೊಳಗೆ ಅವರೇ ಕಿತ್ತುಕೊಂಡರೆ ಆ ಹೊತ್ತಿಗೆ ಯಂತ್ರದ ಬಾಡಿಗೆಯಿಲ್ಲ. ರಿಯಾಯಿತಿ ಅನ್ವಯಿಸುವುದೂ ಯಂತ್ರಕ್ಕೆ ಮಾತ್ರ: ಡಿಸ್ಕ್, ಪಬ್ಲಿಕ್ ಐಪಿ ಎರಡಕ್ಕೂ ಪೂರ್ತಿ ದರ.

ಬಿಲ್ಡ್, ವಿಡಿಯೊ ಎನ್‌ಕೋಡಿಂಗ್, ಬ್ಯಾಚ್ ಕೆಲಸಕ್ಕೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಒಂದೇ ಯಂತ್ರದ ಮೇಲೆ ನಿಂತಿರುವ ಡೇಟಾಬೇಸ್‌ಗೆ ಬೇಡವೇ ಬೇಡ. ಗೂಗಲ್, ಅಝೂರ್‌ಗಳ ಸ್ಪಾಟ್‌ಗೆ ಹೋಗುವವರು ಶಟ್‌ಡೌನ್ ಸ್ಕ್ರಿಪ್ಟ್ ತಿದ್ದಿಕೊಳ್ಳಬೇಕು: ಅಲ್ಲಿ ಸಿಗುವುದು 30 ಸೆಕೆಂಡು.