ಕಾರಂಜಾ ಹಿನ್ನೀರಿನಲ್ಲಿ ಮೂರು ಮಳೆಗಾಲ ಎಳೆದ ಹಗ್ಗ: 8 ಎಂಎಂ ಪಾಲಿಯೆಸ್ಟರ್ ಡಬಲ್ ಬ್ರೇಡ್

ಹಾಯಿದೋಣಿಗೆ ಅಂತ ಈ ಡಬಲ್ ಬ್ರೇಡ್ ಹಗ್ಗ, ಅಂದರೆ ಹೆಣೆದ ತಿರುಳಿನ ಮೇಲೆ ಹೆಣೆದ ಹೊದಿಕೆ ಇರುವ ಹಗ್ಗ, ತಗೊಂಡು ಮೂರು ಮಳೆಗಾಲ ಆಯ್ತು. ಮೊದಲ ಮಳೆಗಾಲದಲ್ಲೇ ಬರೆದಿದ್ದರೆ ಒಂದು ಸ್ಟಾರ್ ಕೊಟ್ಟು ಸುಮ್ಮನಾಗುತ್ತಿದ್ದೆ. ಈಗ ನಾಲ್ಕು ಕೊಡುತ್ತೇನೆ. ಹಗ್ಗ ಅದೇ ಇದೆ. ನಾನು ಅದನ್ನು ನೋಡಿಕೊಳ್ಳುವ ರೀತಿ ಬದಲಾಗಿದೆ.

ನನ್ನದು ಎಂಟರ್‌ಪ್ರೈಸ್ ಹಾಯಿದೋಣಿ. ನಾಲ್ಕು ಮೀಟರ್ ಉದ್ದ, ಇಬ್ಬರು ಓಡಿಸುವಂಥದ್ದು, ನೀಲಿ ಹಾಯಿ. 1956ರಲ್ಲಿ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ಮಾಡಿದ ವಿನ್ಯಾಸ. ನಮ್ಮ ಎನ್‌ಸಿಸಿ ನೌಕಾ ವಿಭಾಗದ ಎಷ್ಟೋ ಮಕ್ಕಳು ಹಾಯಿ ಕಟ್ಟಲು ಕಲಿಯುವುದು ಇದರಲ್ಲೇ. ನಾನು ಕಲಿತದ್ದು ನೌಕಾಪಡೆಯಲ್ಲಿದ್ದಾಗ. ನಿವೃತ್ತನಾಗಿ ಬೀದರಿಗೆ ಬಂದ ಮೇಲೆ ನೀರು ಬಿಟ್ಟು ಇರಲು ಆಗಲಿಲ್ಲ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಓಡುತ್ತಿದ್ದ ಒಂದು ಹಳೆಯ ದೋಣಿ ಸಿಕ್ಕಿತು. ಟೆಂಪೋದಲ್ಲಿ ಹಾಕಿಕೊಂಡು ಬಂದೆ. ಅನುಮತಿ ತಗೊಂಡು, ಭಾನುವಾರ ಬೆಳಗ್ಗೆ ಭಾಲ್ಕಿ ತಾಲೂಕಿನ ಕಾರಂಜಾ ಜಲಾಶಯದಲ್ಲಿ ಇಳಿಸುತ್ತೇನೆ. ಜತೆಗೆ ಅಕ್ಕನ ಮಗ ಬರುತ್ತಾನೆ. ಲೈಫ್ ಜಾಕೆಟ್ ಇಬ್ಬರಿಗೂ ಕಡ್ಡಾಯ.

ದೋಣಿಯ ಜತೆ ಬಂದ ಹಗ್ಗಗಳು ನೈಲಾನ್. ಎಳೆದರೆ ರಬ್ಬರಿನ ಹಾಗೆ ಉದ್ದ ಆಗುತ್ತಿದ್ದವು. ಲಂಗರಿಗೆ ಆ ಗುಣ ಒಳ್ಳೆಯದು, ಹಾಯಿಗೆ ಅಲ್ಲ. ಬಜಾರಿನಲ್ಲಿ ಸಿಗುವ ನೀಲಿ, ಹಸಿರು ಪ್ಲಾಸ್ಟಿಕ್ ಹಗ್ಗ ಬೇಡವೇ ಬೇಡ. ಅದು ಪಾಲಿಪ್ರೊಪಿಲೀನ್. ನೀರಲ್ಲಿ ತೇಲುತ್ತದೆ ನಿಜ, ಆದರೆ ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಪುಡಿಪುಡಿಯಾಗಿ ಉದುರಲು ಶುರುವಾಗುತ್ತದೆ. ಹಾಗಾಗಿ ಪಾಲಿಯೆಸ್ಟರ್ ತರಿಸಿದೆ. ಮೇನ್‌ಶೀಟ್‌ಗೆ, ಅಂದರೆ ದೊಡ್ಡ ಹಾಯಿಯನ್ನು ಎಳೆದು ಬಿಡುವ ಹಗ್ಗಕ್ಕೆ, 8 ಎಂಎಂನದ್ದು 10 ಮೀಟರ್; ಕತ್ತರಿಸಿ ಹಾಕಿದ್ದು ಎಂಟು ಮೀಟರ್. ಮುಂದಿನ ಹಾಯಿಯನ್ನು ಮೇಲೆ ಏರಿಸುವ ಹಾಲ್ಯಾರ್ಡ್‌ಗೆ ಅದೇ ಕಂಪನಿಯ 5 ಎಂಎಂ 13 ಮೀಟರ್. ಕೊರಿಯರ್ ಸೇರಿ 2,200 ರೂಪಾಯಿ. ಪಿಂಚಣಿದಾರನಿಗೆ ಇದು ಸಣ್ಣ ಮೊತ್ತ ಅಲ್ಲ. ಎಷ್ಟು ಭಾರ ತಡೆಯುತ್ತದೆ ಅನ್ನೋದು ಪ್ಯಾಕೆಟ್ ಮೇಲೇ ಇದೆ, ಅದನ್ನು ಬಿಡಿ.

ಮೊದಲೆರಡು ವಾರ ಹಗ್ಗ ಕೈಯಲ್ಲಿ ಜಾರುತ್ತಿತ್ತು. ಹೊಸ ಹಗ್ಗಕ್ಕೆ ಕಾರ್ಖಾನೆಯಲ್ಲಿ ಹಚ್ಚಿದ ಎಣ್ಣೆಯಂಥ ಲೇಪ ಇರುತ್ತದೆ, ಅದು ಹೋಗಲಿ ಅಂತ ಕಾದೆ. ಆಮೇಲೆ ಉಲ್ಟಾ ಆಯ್ತು. ಮೂರನೇ ತಿಂಗಳಿಗೆ ಹಗ್ಗ ಕೋಲಿನ ಹಾಗೆ ಬಿರುಸಾಯಿತು. ಸುತ್ತಿದರೆ ಸುತ್ತು ನಿಲ್ಲದು. ರಾಟೆಯಲ್ಲಿ ಕರಕರ ಅನ್ನುತ್ತಿತ್ತು. ಕ್ಲೀಟ್, ಅಂದರೆ ಹಗ್ಗ ಜಾರದಂತೆ ಹಿಡಿಯುವ ಸಾಧನ, ಕಚ್ಚುವ ಜಾಗದಲ್ಲಿ ಮೇಲಿನ ಹೊದಿಕೆಯ ನೂಲು ಎದ್ದು ನಿಂತಿತ್ತು. ಮಾರಿದವರಿಗೆ ಫೋಟೋ ಕಳಿಸಿದೆ. ನೀವೇ ಸರಿಯಾಗಿ ಬಳಸಿಲ್ಲ ಅಂತ ಉತ್ತರ ಬಂತು. ಹೇಗೆ ಬಳಸಬೇಕಿತ್ತು ಅಂತ ಒಂದು ಮಾತು ಹೇಳಲಿಲ್ಲ. ಇಪ್ಪತ್ತು ವರ್ಷ ಹಗ್ಗ ಹಿಡಿದ ಕೈಗೆ ಆ ಉತ್ತರ ತುಂಬಾ ನೋವು ಕೊಟ್ಟಿತು.

ಗುಟ್ಟು ಹೇಳಿದ್ದು ಹಿನ್ನೀರಿನಲ್ಲಿ ಮೀನು ಹಿಡಿಯುವ ಒಬ್ಬ ಹಿರಿಯರು. ನಾವು ಅವರನ್ನು ಕಾಕಾ ಅಂತಲೇ ಕರೆಯುತ್ತೇವೆ. ನಾನು ದಡದಲ್ಲಿ ಕೂತು ಆ ಹಗ್ಗದ ಜತೆ ಗುದ್ದಾಡುತ್ತಿದ್ದೆ. ಕಾಕಾ ಬಂದು ಒಂದು ಗೇಣು ಹಗ್ಗ ಕೈಗೆ ತಗೊಂಡರು. ಕಿವಿಯ ಹತ್ತಿರ ಹಿಡಿದು ಎರಡು ಸಲ ಬಾಗಿಸಿದರು.

“ಕೇಳ್ರಿ ಸಾಹೇಬ್ರ, ಒಳಗ ಮಣ್ಣ ಅದ.”

ನಾನೂ ಕಿವಿಗೆ ಹಿಡಿದೆ. ಹಲ್ಲಿಗೆ ಮರಳು ಸಿಕ್ಕ ಹಾಗೆ ಸದ್ದು. ಸಣ್ಣಗೆ, ಆದರೆ ಸ್ಪಷ್ಟ.

“ತೊಳೀತೀರಿಲ್ಲೋ?”

“ಇದು ಸಿಹಿನೀರಲ್ವಾ ಕಾಕಾ, ಉಪ್ಪಿಲ್ಲ ಅಂತ ತೊಳೆದಿಲ್ಲ.”

“ಉಪ್ಪಿಲ್ರಿ, ಎರಿ ಅದಲ್ಲ! ನಾವು ಮೀನಿನ ಬಲಿ ದಿನಾ ಜಾಡಿಸ್ತೀವಿ.”

ತಪ್ಪು ಅಲ್ಲಿತ್ತು. ಸಮುದ್ರದಲ್ಲಿದ್ದಾಗ ದೋಣಿ ದಡಕ್ಕೆ ಬಂದ ಕೂಡಲೇ ಸಿಹಿನೀರಿನಲ್ಲಿ ಹಗ್ಗ ತೊಳೆಯುವುದು ನಮಗೆ ಅಭ್ಯಾಸ. ಉಪ್ಪು ಒಣಗಿ ಹರಳಾದರೆ ಹಗ್ಗ ಬಿರುಸಾಗುತ್ತದೆ ಅಂತ. ಇಲ್ಲಿ ಉಪ್ಪಿಲ್ಲ ಅಂತ ನಾನು ಆ ಅಭ್ಯಾಸವನ್ನೇ ಬಿಟ್ಟಿದ್ದೆ. ಕಾರಂಜಾದ ದಡದಲ್ಲಿ ಎರೆಮಣ್ಣು. ಹಸಿ ಇದ್ದಾಗ ಬೆಣ್ಣೆಯ ಹಾಗೆ ಮೆತ್ತಗೆ. ಹೊದಿಕೆಯ ಹೆಣಿಗೆಯ ಸಂದಿನಲ್ಲಿ ನುಗ್ಗಿ ಒಳಗಿನ ತಿರುಳಿನ ತನಕ ಹೋಗುತ್ತದೆ. ಒಣಗಿದ ಮೇಲೆ ಅಲ್ಲೇ ಗಟ್ಟಿಯಾಗುತ್ತದೆ, ಜತೆಗೆ ಬಂದ ಸಣ್ಣ ಮರಳೂ ಅಲ್ಲೇ ಉಳಿಯುತ್ತದೆ. ಆಮೇಲೆ ಪ್ರತಿ ಸಲ ಎಳೆದಾಗಲೂ ನೂಲನ್ನು ಒಳಗಿನಿಂದ ತೇಯುತ್ತದೆ. ಹೊರಗೆ ಏನೂ ಕಾಣಿಸುವುದಿಲ್ಲ.

ಅವತ್ತೇ ಮನೆಯಲ್ಲಿ ಟಬ್ ತುಂಬಿದೆ. ಮೊದಲನೇ ನೀರು ಒಲೆಯ ಬೂದಿ ಕಲಸಿದ ಹಾಗೆ ಆಯ್ತು. ಎರಡನೆಯದೂ ಹಾಗೇ. ಐದನೇ ನೀರು ತಿಳಿಯಾಗುವ ಹೊತ್ತಿಗೆ ಟಬ್ಬಿನ ತಳದಲ್ಲಿ ಬೆರಳು ಗಾತ್ರ ಕೆಸರು ಕೂತಿತ್ತು. ಎಂಟು ಮೀಟರ್ ಹಗ್ಗದೊಳಗೆ ಅಷ್ಟು ಮಣ್ಣು! ಮಾರನೇ ದಿನ ಒಣಗಿದ ಹಗ್ಗವನ್ನು ಕೈಗೆ ತಗೊಂಡಾಗ ನಂಬಲಾಗಲಿಲ್ಲ. ಹತ್ತಿ ಸೀರೆಯ ಸೆರಗಿನಷ್ಟು ಮೃದು. ಅಂಗೈಗೆ ಒರಟು ಅನಿಸದೆ, ಜಾರದೆ, ಹಿಡಿದಷ್ಟು ಹಿಡಿತ.

ಈಗ ಭಾನುವಾರ ಸಂಜೆಯ ಕೆಲಸ ಇದೇ. ಹಗ್ಗವನ್ನು ಮೊದಲು ಸರಪಳಿ ಹೆಣಿಕೆ ಹಾಕಿಕೊಳ್ಳುತ್ತೇನೆ, ನೀರಲ್ಲಿ ಸಿಕ್ಕು ಬೀಳಬಾರದು ನೋಡಿ. ಹಳೇ ದಿಂಬಿನ ಕವರಿನಲ್ಲಿ ತುಂಬಿ ಬಾಯಿ ಕಟ್ಟುತ್ತೇನೆ. ತಣ್ಣೀರು, ನಾಲ್ಕು ಹನಿ ಲಿಕ್ವಿಡ್ ಸೋಪು, ರಾತ್ರಿ ಇಡೀ ನೆನೆಸಿಡುವುದು. ಬ್ಲೀಚಿಂಗ್ ಮಾತ್ರ ಹಾಕಲೇಬಾರದು. ಬೆಳಗ್ಗೆ ಹಿಂಡದೆ ನೀರು ಬದಲಿಸುತ್ತೇನೆ. ಆಮೇಲೆ ಹಿತ್ತಲಿನ ಬೇವಿನ ಮರದ ನೆರಳಿನಲ್ಲಿ ಒಣಹಾಕುತ್ತೇನೆ. ಪಾಲಿಯೆಸ್ಟರ್ ಬಿಸಿಲು ತಡೆಯುತ್ತದೆ, ಆದರೂ ಸುಮ್ನೆ ಯಾಕೆ ಬಿಸಿಲಿಗೆ ಹಾಕಬೇಕು? ಒಣಗಿದ ಮೇಲೆ ಇಡೀ ಉದ್ದವನ್ನು ಕಣ್ಣು ಮುಚ್ಚಿ ಬೆರಳ ಸಂದಿನಲ್ಲಿ ಹಾಯಿಸುತ್ತೇನೆ. ಎಲ್ಲಿ ತೆಳ್ಳಗಾಗಿದೆ, ಎಲ್ಲಿ ಹೊದಿಕೆ ಸಡಿಲಾಗಿದೆ ಅಂತ ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ. ವಾರದಲ್ಲಿ ನನಗೆ ಅತ್ಯಂತ ನೆಮ್ಮದಿಯ ಹದಿನೈದು ನಿಮಿಷ ಅದು.

ಇನ್ನೊಂದು ಕೆಲಸ ವರ್ಷಕ್ಕೊಮ್ಮೆ. ಹಗ್ಗದ ತುದಿ ಅದಲುಬದಲು ಮಾಡುತ್ತೇನೆ. ಕ್ಲೀಟ್ ಕಚ್ಚುವುದು ಯಾವಾಗಲೂ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ. ತುದಿ ತಿರುಗಿಸಿದರೆ ಆ ಸವೆತ ಬೇರೆ ಜಾಗಕ್ಕೆ ಹೋಗುತ್ತದೆ. ತುದಿಯನ್ನು ಬರೀ ಬೆಂಕಿಯಲ್ಲಿ ಕರಗಿಸಿ ಬಿಡಬೇಡಿ. ಮೇಣ ಹಚ್ಚಿದ ದಾರದಿಂದ ಬಿಗಿಯಾಗಿ ಸುತ್ತಿ, ಸೂಜಿಯಿಂದ ಹೊದಿಕೆ ಮತ್ತು ತಿರುಳು ಎರಡನ್ನೂ ಸೇರಿಸಿ ಹೊಲಿಯಿರಿ. ಇಲ್ಲದಿದ್ದರೆ ಹೊದಿಕೆ ತಿರುಳಿನ ಮೇಲೆ ಸರಿದು ಕಾಲುಚೀಲ ಜಾರಿದ ಹಾಗೆ ಒಂದು ಕಡೆ ಗುಂಪಾಗುತ್ತದೆ.

ಇನ್ನು ಐದನೇ ಸ್ಟಾರ್ ಯಾಕೆ ಕೊಡಲಿಲ್ಲ ಅಂದರೆ, 5 ಎಂಎಂ ಹಗ್ಗದಿಂದ. ಅದರ ಬಗ್ಗೆ ನನಗೆ ಇವತ್ತಿಗೂ ಬೇಸರ ಇದೆ. ಹಾಲ್ಯಾರ್ಡ್‌ಗೂ ಚೆನ್ನಾಗಿದೆ ಅಂತ ಜಾಹೀರಾತಿನಲ್ಲಿ ಬರೆದಿದ್ದರು. ನಮ್ಮಂಥ ದೋಣಿಗೆ ಇಲ್ಲ. ಎಂಟರ್‌ಪ್ರೈಸ್‌ನಲ್ಲಿ ಮುಂದಿನ ಹಾಯಿಯ ಹಾಲ್ಯಾರ್ಡ್ ಬರೀ ಹಾಯಿ ಏರಿಸುವುದಿಲ್ಲ. ಹಾಯಿಕಂಬವನ್ನು ಮುಂದಕ್ಕೆ ಎಳೆದು ಹಿಡಿಯುವುದೂ ಅದೇ. ಹಳೆಯದರಲ್ಲಿ ಸ್ಟೀಲ್ ತಂತಿ ಇತ್ತು. ಎಳೆ ಮುರಿದಿದ್ದರಿಂದ ತೆಗೆದು ಈ ಹಗ್ಗ ಹಾಕಿದ್ದೆ.

ದಡದಲ್ಲಿ ಬಿಗಿದಾಗ ಎಲ್ಲ ಸರಿ ಇರುತ್ತಿತ್ತು. ಜುಲೈನ ಪಡುವಣ ಗಾಳಿ ಜೋರಾದ ಕೂಡಲೇ ಹಗ್ಗ ಹಿಗ್ಗುತ್ತಿತ್ತು. ಗಾಳಿ ಹೋಗುವ ಕಡೆಯ ಶ್ರೌಡ್, ಅಂದರೆ ಕಂಬವನ್ನು ಪಕ್ಕದಿಂದ ಹಿಡಿಯುವ ತಂತಿ, ಬಟ್ಟೆ ಒಣಹಾಕುವ ತಂತಿಯ ಹಾಗೆ ಜೋಲಾಡುತ್ತಿತ್ತು. ಸ್ವಲ್ಪ ಸಡಿಲ ಇದ್ದರೆ ಸರಿ, ಇಷ್ಟು ಇರಬಾರದು. ಮುಂದಿನ ಹಾಯಿಯ ಅಂಚು ಬಿಲ್ಲಿನ ಹಾಗೆ ಪಕ್ಕಕ್ಕೆ ಬಾಗುತ್ತಿತ್ತು. ಹಾಗಾದರೆ ಎದುರುಗಾಳಿಗೆ ಓರೆಯಾಗಿ ಏರಲು ಆಗುವುದಿಲ್ಲ. ಒಂದು ದಿನ ದಡ ಕಣ್ಣಿಗೆ ಕಾಣುತ್ತಿದ್ದರೂ ಮುಟ್ಟಲು ಒಂದು ತಾಸು ಬೇಕಾಯಿತು. “ಮಾಮಾ, ನಾವು ಹಿಂದಕ್ಕೇ ಹೊಂಟೇವಲ್ಲ?” ಅಂದ ಅಳಿಯ. ಅವನ ಮುಖದ ಭಯ ನೋಡಿ ಆ ಹಗ್ಗ ಅವತ್ತೇ ತೆಗೆದೆ.

ಈಗ ಅಲ್ಲಿ 4 ಎಂಎಂ ಡೈನೀಮಾ ಇದೆ, ತುಂಬಾ ಗಟ್ಟಿಯಾದ ಒಂದು ಬಗೆಯ ಪಾಲಿಎಥಿಲೀನ್ ನೂಲಿನ ಹಗ್ಗ. ಹಿಗ್ಗುವುದೇ ಇಲ್ಲ ಅನ್ನಬಹುದು. ಬೆಲೆ ಎರಡು ಪಟ್ಟಿಗಿಂತ ಜಾಸ್ತಿ ಆಯ್ತು. ಡೈನೀಮಾ ತುಂಬಾ ನುಣುಪು, ತುದಿಗೆ ಕುಣಿಕೆ ಮಾಡುವ ಬೌಲೈನ್ ಗಂಟು ಹಾಕಿದರೂ ನಿಧಾನಕ್ಕೆ ಜಾರುತ್ತದೆ. ಅದಕ್ಕೇ ತುದಿಯನ್ನು ಹಗ್ಗದೊಳಗೇ ತೂರಿಸಿ ಕುಣಿಕೆ ಹೆಣೆದಿದ್ದೇನೆ.

ತಂತಿಗಳ ಬಗ್ಗೆಯೂ ಒಂದು ಮಾತು. ದೋಣಿ ಇಳಿಸುವ ಮುಂಚೆ ಒಂದು ಹತ್ತಿ ಉಂಡೆಯನ್ನು ಶ್ರೌಡ್ ಉದ್ದಕ್ಕೂ ಉಜ್ಜಿ. ಎಳೆ ಮುರಿದಿದ್ದರೆ ಅಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಉಜ್ಜಬೇಡಿ, ಸೂಜಿಯ ಹಾಗೆ ಚುಚ್ಚುತ್ತದೆ. ಒಂದು ಎಳೆ ಮುರಿದಿದ್ದರೂ ಆ ತಂತಿ ಬದಲಿಸಿ. ಕಂಬ ಬಿದ್ದರೆ ಬೀಳುವುದು ಒಳಗೆ ಕೂತವರ ಮೇಲೆ.

ನೀವು ಸಣ್ಣ ದೋಣಿಯವರಾದರೆ 8 ಎಂಎಂ ಧೈರ್ಯವಾಗಿ ತಗೊಳ್ಳಿ, ಮೇನ್‌ಶೀಟ್‌ಗೆ ಮಾತ್ರ. ಇನ್ನೂ ಎರಡು ವರ್ಷ ಬರುತ್ತದೆ ಅನ್ನುವ ನಂಬಿಕೆ ನನಗಿದೆ. ವಾರಕ್ಕೊಮ್ಮೆ ತೊಳೆಯಲು ಪುರುಸೊತ್ತು ಇಲ್ಲದವರು ದುಡ್ಡು ಹಾಕಬೇಡಿ.

ಎಂಟು ಮೀಟರ್ ಕತ್ತರಿಸಿದ ಮೇಲೆ ಎರಡು ಮೀಟರ್ ಉಳಿದಿತ್ತು. ಮೊನ್ನೆ ಅದನ್ನು ಕಾಕಾಗೆ ಕೊಟ್ಟೆ, ತೆಪ್ಪ ಕಟ್ಟಲು ಆಗುತ್ತದೆ ಅಂತ. ತಗೊಳ್ಳುವ ಮುಂಚೆ ಕಿವಿಗೆ ಹಿಡಿದು ಎರಡು ಸಲ ಬಾಗಿಸಿದರು. ಆಮೇಲೆ ಹೆಗಲಿಗೆ ಹಾಕಿಕೊಂಡರು.