ಒಂದು ದಿನ ಚಾರ್ಜ್, ಒಂದು ದಿನ ಇಲ್ಲ: ಹಳೇ ಪೋರ್ಶೆ 944 ಕಾರಿನ ಮೇಲೆ ನಾನು ಮಾಡಿ ನೋಡಿದ ಪರೀಕ್ಷೆಗಳು

ಪೂರ್ತಿ ಕೆಟ್ಟು ನಿಂತ ಗಾಡಿಯೇ ವಾಸಿ. ಬಿಚ್ಚಿ ನೋಡಬಹುದು. ಸೋಮವಾರ ಸರಿಯಿದ್ದು, ಬುಧವಾರ ಸೆಲ್ಫ್ ಹೊಡೆದರೆ "ಟಕ್" ಅಂತ ಸುಮ್ಮನಾಗಿ, ಶನಿವಾರ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡುವ ಗಾಡಿ ಇದೆಯಲ್ಲ, ಅದು ತಲೆ ತಿನ್ನುತ್ತದೆ.

ನನ್ನದು 1987ರ ಪೋರ್ಶೆ 944. ಸ್ಟುಟ್‌ಗಾರ್ಟ್ ಪಕ್ಕದಲ್ಲೇ ಇದ್ದೇನೆ. ಗಾಡಿ ಹುಟ್ಟಿದ ನೆಕರ್ಸುಲ್ಮ್ ಇಲ್ಲಿಂದ ಒಂದು ಗಂಟೆಯ ದಾರಿಯೂ ಅಲ್ಲ. ಬ್ಯಾಟರಿಗೆ ಇನ್ನೂ ಒಂದು ವರ್ಷ ಆಗಿರಲಿಲ್ಲ, ಆದರೂ ಹದಿನೈದು ದಿನಕ್ಕೊಮ್ಮೆ ಡೌನ್. ಪಕ್ಕದ ಮನೆಯವರ ಹತ್ತಿರ ಜಂಪರ್ ಕೇಬಲ್ ಕೇಳಿ ಕೇಳಿ ನಾಚಿಕೆಯಾಗಿ, ಕೊನೆಗೆ ನಾನೇ ಒಂದು ಜೊತೆ ತಂದೆ.

ಗ್ಯಾರೇಜಿಗೆ ಎರಡು ಸಲ ಒಯ್ದೆ. ಅವರು ಟೆಸ್ಟರ್ ಸಿಕ್ಕಿಸಿ, ಎಂಜಿನ್ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಒತ್ತಿ 3,000 ಆರ್‌ಪಿಎಂಗೆ ಏರಿಸಿದರು. 14.1 ವೋಲ್ಟ್ ಬಂತು. "ಆಲ್ಟರ್ನೇಟರ್ ಚೆನ್ನಾಗಿದೆ" ಅಂತ ಚೀಟಿ ಕೊಟ್ಟರು. ಆಲ್ಟರ್ನೇಟರ್ ಅಂದರೆ ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ. ಎರಡೂ ಸಲ ಅದೇ ಚೀಟಿ. ಹತ್ತು ನಿಮಿಷದ ಕೆಲಸ, ಕೈ ಕೊಳೆಯಾಗೋದಿಲ್ಲ. ಆದರೆ ಪರೀಕ್ಷೆ ನಡೆಯುವ ಹೊತ್ತಿಗೆ ತೊಂದರೆ ಇದ್ದರೆ ಮಾತ್ರ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಆ 3,000 ಆರ್‌ಪಿಎಂ ನೆನಪಿರಲಿ, ಮತ್ತೆ ಬರುತ್ತದೆ.

ಡ್ಯಾಶ್‌ಬೋರ್ಡಿನಲ್ಲೇ ಒಂದು ವೋಲ್ಟ್ ಮೀಟರ್ ಇದೆ ಈ ಗಾಡಿಯಲ್ಲಿ. ನೋಡಲು ಚೆಂದ. ನನ್ನದು ಮಲ್ಟಿಮೀಟರಿಗಿಂತ ಅರ್ಧ ವೋಲ್ಟ್ ಕಡಿಮೆ ತೋರಿಸುತ್ತದೆ. ಅದನ್ನು ನಂಬೋದು ಬಿಟ್ಟು ಬಹಳ ದಿನ ಆಗಿತ್ತು. ಅಲ್ಲೇ ಎಡವಿದ್ದು: ಅರ್ಧ ವೋಲ್ಟ್ ತಪ್ಪಿದರೂ ಚಾರ್ಜ್ ಆಗುತ್ತಿದೆಯೋ ಇಲ್ಲವೋ ಅದರಲ್ಲೇ ಕಾಣುತ್ತಿತ್ತು.

ಆಮೇಲೆ ಮಲ್ಟಿಮೀಟರ್. ಬರೀ ಬ್ಯಾಟರಿ ಮೇಲೆ ಇಟ್ಟು ನೋಡಿದರೆ ಹೆಚ್ಚೇನೂ ತಿಳಿಯದು: ನಿಂತ ಗಾಡಿಯಲ್ಲಿ 12.6 ಇದ್ದರೆ ಬ್ಯಾಟರಿ ತುಂಬಿದೆ, ಓಡುವಾಗ 13.8ರಿಂದ 14.4 ಇದ್ದರೆ ಚಾರ್ಜ್ ಆಗುತ್ತಿದೆ, ಅಷ್ಟೆ. ಮೀಟರಿನ ನಿಜವಾದ ಉಪಯೋಗ ವೋಲ್ಟೇಜ್ ಎಲ್ಲಿ ಸೋರಿಹೋಗುತ್ತಿದೆ ಅಂತ ಹುಡುಕುವುದರಲ್ಲಿದೆ. ಎಂಜಿನ್ ಓಡುತ್ತಿರಲಿ. ಹೆಡ್‌ಲೈಟ್, ಫ್ಯಾನ್, ಹಿಂದಿನ ಗಾಜಿನ ಹೀಟರ್ ಎಲ್ಲಾ ಹಾಕಿ. ಮೀಟರಿನ ಒಂದು ಮೊನೆ ಎಂಜಿನ್ನಿನ ಮೈಮೇಲೆ, ಇನ್ನೊಂದು ಬ್ಯಾಟರಿಯ ಮೈನಸ್ ಕಂಬದ ಮೇಲೆ ಇಡಿ. 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ಥ್, ಅಂದರೆ ಎಂಜಿನ್ ಮೈಯಿಂದ ಬ್ಯಾಟರಿಯ ಮೈನಸ್‌ಗೆ ಕರೆಂಟ್ ಹೋಗುವ ದಾರಿ, ಸರಿಯಿಲ್ಲ. ನನಗೆ 0.38 ಬಂತು!

ಅಪ್ಪನಿಗೆ ಫೋನ್ ಮಾಡಿದೆ. ಬೆಂಗಳೂರಿನ ಆಡುಗೋಡಿಯ ಮೈಕೋ (ಬಾಷ್) ಕಾರ್ಖಾನೆಯಲ್ಲಿ ಜೀವಮಾನ ಕಳೆದವರು. ಅವರ ಬಾಯಲ್ಲಿ ಆಲ್ಟರ್ನೇಟರ್ ಇವತ್ತಿಗೂ ಡೈನಮೋನೇ. "ಡೈನಮೋ ಬಿಚ್ಚಬೇಡ ಕಣೋ, ನಾನು ಮೊದಲಿಂದ ಹೇಳ್ತಿಲ್ವಾ, ಅರ್ಥ್ ನೋಡು ಅಂತ" ಅಂದರು. ಅರ್ಥ್ ಪಟ್ಟಿ ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿದೆ. 0.06ಕ್ಕೆ ಇಳಿಯಿತು. ಗೆದ್ದೆವು ಅಂದುಕೊಂಡೆವು ಇಬ್ಬರೂ. ಆರನೇ ದಿನ ಮತ್ತೆ "ಟಕ್".

ಅಪ್ಪ ಇನ್ನೊಂದು ಉಪಾಯ ಹೇಳಿದರು: ಗಾಡಿ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ನೋಡು, ಎಂಜಿನ್ ನಿಂತರೆ ಡೈನಮೋ ಹೋಗಿದೆ. ಇದನ್ನು ದಯವಿಟ್ಟು ಮಾಡಬೇಡಿ. ಡೈನಮೋ ಕಾಲದಲ್ಲಿ ನಡೆಯುತ್ತಿತ್ತು. ಆಲ್ಟರ್ನೇಟರಿನಲ್ಲಿ ಬ್ಯಾಟರಿ ಕಿತ್ತ ಕ್ಷಣ ವೋಲ್ಟೇಜ್ ಚಿಮ್ಮಿ ಡಯೋಡ್ ಸುಡಬಹುದು. 944ರಲ್ಲಿ ಇಂಜೆಕ್ಷನ್, ಇಗ್ನಿಷನ್ ಎರಡನ್ನೂ ನಡೆಸುವ ಕಂಪ್ಯೂಟರ್ ಪೆಟ್ಟಿಗೆ ಬೇರೆ ಇದೆ. ಅದು ಹೋದರೆ ನನ್ನ ಜೇಬೂ ಹೋದ ಹಾಗೆ.

ತಂತಿಯನ್ನು ಬಾಯಲ್ಲಿ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಬಗ್ಗೆ ಎರಡೇ ಮಾತು. ಮೊದಲು ತಂದ ಅಗ್ಗದ್ದು ಎಸಿ ಕರೆಂಟ್ ಮಾತ್ರ ಅಳೆಯುತ್ತಿತ್ತು, ಕಾರಿಗೆ ದಂಡ. ಡಿಸಿ ಅಳೆಯುವುದನ್ನೇ ಕೇಳಿ ತನ್ನಿ. ಎರಡನೆಯದರಲ್ಲಿ ನೋಡಿದರೆ ನಿಂತ ಗಾಡಿ ಎಳೆಯುತ್ತಿದ್ದುದು 20 ಮಿಲಿಆಂಪ್ ಆಸುಪಾಸು. 50ರೊಳಗಿದ್ದರೆ ತೊಂದರೆಯಿಲ್ಲ. ಅಂದರೆ ರಾತ್ರಿ ಬ್ಯಾಟರಿ ಕುಡಿಯುವ ಕಳ್ಳ ಯಾರೂ ಇಲ್ಲ.

ಬಣ್ಣ ಬಯಲಾಗಿದ್ದು ಸುಮಾರು 30 ಯೂರೋದ ಬ್ಲೂಟೂತ್ ಡಬ್ಬಿಯಿಂದ. ಬೆಂಕಿಪೊಟ್ಟಣದಷ್ಟಿದೆ. ಬ್ಯಾಟರಿಗೆ ಎರಡು ತಂತಿ ಕಟ್ಟಿದರೆ ಹಗಲೂ ರಾತ್ರಿ ವೋಲ್ಟೇಜ್ ಬರೆದಿಡುತ್ತದೆ, ಫೋನಿನಲ್ಲಿ ಗ್ರಾಫ್ ಕಾಣುತ್ತದೆ. ಇದು ಸುಮ್ನೆ ಆಟದ ಸಾಮಾನು ಅಂದುಕೊಂಡಿದ್ದೆ. ಎರಡು ವಾರದ ಗ್ರಾಫ್ ಪಕ್ಕಪಕ್ಕ ಇಟ್ಟು ನೋಡಿದೆ. ಒಳ್ಳೆಯ ದಿನಗಳಲ್ಲಿ ಸ್ಟಾರ್ಟ್ ಆದ ತಕ್ಷಣ ಗೆರೆ 14ಕ್ಕೆ ಹಾರಿದೆ. ಕೆಟ್ಟ ದಿನಗಳಲ್ಲಿ 12.3ರಿಂದ ಮೆಲ್ಲಗೆ ಕೆಳಗಿಳಿದು, ಹನ್ನೊಂದು ನಿಮಿಷ ಹಾಗೇ ತೆವಳಿ, ಆಮೇಲೆ ಒಮ್ಮೆಲೇ 14. ಆ ಹನ್ನೊಂದನೇ ನಿಮಿಷ ಯಾವುದು ಗೊತ್ತಾ? ನಾನು ಎ81 ಆಟೋಬಾನ್ ಹತ್ತಿ ಆಕ್ಸಿಲರೇಟರ್ ಜೋರಾಗಿ ಒತ್ತುವ ಜಾಗ. ಊರೊಳಗೇ ಸುತ್ತಿದ ದಿನ ಗೆರೆ 14ಕ್ಕೆ ಏರಿದ್ದೇ ಇಲ್ಲ.

ವಿಷಯ ಇಷ್ಟು. ಈ ಥರದ ಆಲ್ಟರ್ನೇಟರ್ ಶುರುವಾಗಲು ಹೊರಗಿನಿಂದ ಚೂರು ಕರೆಂಟ್ ಬೇಕು. ಒಲೆ ಹಚ್ಚಲು ಕಡ್ಡಿ ಗೀರಿದ ಹಾಗೆ. ಹೊತ್ತಿಕೊಂಡ ಮೇಲೆ ಕಡ್ಡಿ ಬೇಡ. ಆ ಕರೆಂಟ್ ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪದ ಮೂಲಕ ಒಂದು ನೀಲಿ ತಂತಿಯಲ್ಲಿ ಆಲ್ಟರ್ನೇಟರಿನ ಡಿ ಪ್ಲಸ್ (D+) ಅನ್ನುವ ಟರ್ಮಿನಲ್‌ಗೆ ಬರುತ್ತದೆ. ಕೀ ತಿರುಗಿಸುವ ಹೊತ್ತಿಗೆ ಆ ದಾರಿ ಕೂಡಿಕೊಂಡಿದ್ದರೆ ದಿನವಿಡೀ ಚಾರ್ಜ್. ಬಿಟ್ಟಿದ್ದರೆ ಇಲ್ಲ, ಜೋರಾಗಿ ರೇಸ್ ಮಾಡುವವರೆಗೆ. ವೇಗ ಸಾಕಷ್ಟಾದರೆ ಒಳಗೆ ಉಳಿದಿರುವ ಚೂರು ಕಾಂತಶಕ್ತಿಯೇ ಕಡ್ಡಿಯ ಕೆಲಸ ಮಾಡುತ್ತದೆ. ಗ್ಯಾರೇಜಿನವರು 3,000ಕ್ಕೆ ಏರಿಸಿದಾಗ ರೋಗ ತಾನೇ ಓಡಿಹೋಗುತ್ತಿತ್ತು!

ಬ್ಯಾಟರಿ ಮೈನಸ್ ಬಿಚ್ಚಿ, ಗಾಡಿ ಕೆಳಗೆ ಮಲಗಿ, ನೀಲಿ ತಂತಿ ತೆಗೆದೆ. ಮತ್ತೆ ಬ್ಯಾಟರಿ ಜೋಡಿಸಿ, ಕೀ ಆನ್ ಮಾಡಿ, ಆ ತಂತಿಯನ್ನು ಎಂಜಿನ್ ಮೈಗೆ ಮುಟ್ಟಿಸಿದರೆ ಕೆಂಪು ದೀಪ ಹೊತ್ತಬೇಕು. ಹೊತ್ತಿತು. ತಂತಿ ಅಲುಗಾಡಿಸಿದರೆ ಆರಿತು. ತಂತಿಯ ತುದಿಗೆ ಹಾಕಿದ ಲೋಹದ ಉಂಗುರದ ಬುಡದಲ್ಲಿ ಪ್ಲಾಸ್ಟಿಕ್ ಸಿಪ್ಪೆ ಹೊಸದರಂತೆ ಇತ್ತು. ಸುಲಿದರೆ ಒಳಗೆ ತಾಮ್ರ ಹಸಿರಾಗಿ, ಎರಡೇ ಎರಡು ಎಳೆ ಉಳಿದಿದ್ದವು. ಮೇಲಿನಿಂದ ನೋಡಿದವರು ಯಾರಿಗೂ ಗೊತ್ತಾಗುವ ಹಾಗೇ ಇರಲಿಲ್ಲ. ಹಾಳಾದ ತುಂಡು ಕತ್ತರಿಸಿ, ಹೊಸ ಉಂಗುರ ಹಾಕಿ ಒತ್ತಿದೆ. ಖರ್ಚು ಒಂದು ಯೂರೋ ಒಳಗೆ. ರೀಕಂಡೀಶನ್ ಮಾಡಿದ ಆಲ್ಟರ್ನೇಟರಿಗೆ ನನಗೆ ಹೇಳಿದ್ದ ಬೆಲೆ 400 ಯೂರೋ.

ನಲವತ್ತು ಯೂರೋ ಇದ್ದರೆ ಏನು ಕೊಳ್ಳಲಿ ಅಂತ ಕೇಳಿದರೆ, ಬ್ಲೂಟೂತ್ ಡಬ್ಬಿ ಮೊದಲು, ಉಳಿದಿದ್ದಕ್ಕೆ ಒಂದು ಸಾದಾ ಮಲ್ಟಿಮೀಟರ್. ಡಬ್ಬಿ ಯಾವಾಗ ಅಂತ ಹೇಳುತ್ತದೆ, ಮೀಟರ್ ಎಲ್ಲಿ ಅಂತ. ಬಂದು ಹೋಗುವ ರೋಗಕ್ಕೆ ಮೊದಲು "ಯಾವಾಗ" ತಿಳಿಯಬೇಕು. ಯಾವಾಗಲೂ ಚಾರ್ಜ್ ಆಗದ ಗಾಡಿಗೆ ಡಬ್ಬಿ ಬೇಡವೇ ಬೇಡ, ನೇರ ಮೀಟರ್ ಹಿಡಿಯಿರಿ.

ಆದರೆ ಇವೆರಡಕ್ಕೂ ಮೊದಲು ಕಾಸಿಲ್ಲದ ಪರೀಕ್ಷೆ ಒಂದಿತ್ತು, ನಾನು ಮಾಡಲಿಲ್ಲ. ಕೀ ಆನ್ ಮಾಡಿದಾಗ ಆ ಕೆಂಪು ದೀಪ ಹೊತ್ತುತ್ತದಾ ಅಂತ ನೋಡುವುದು. ಕೆಟ್ಟ ದಿನಗಳಲ್ಲಿ ಅದು ಹೊತ್ತುತ್ತಲೇ ಇರಲಿಲ್ಲ. ದೀಪ ಇಲ್ಲ ಅಂದರೆ ತೊಂದರೆ ಇಲ್ಲ ಅಂದುಕೊಂಡಿದ್ದೆ. ಅಪ್ಪನಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅರ್ಥ್ ಕೂಡ ಕೊಳೆಯಾಗಿತ್ತು ಅಲ್ವಾ?" ಅಂದರು.

ಹೌದಪ್ಪ, ಆಗಿತ್ತು.