ಹೆರಿಗೆ ದಾಖಲೆಗೆ ‘ಸೀಸನ್’ ಪ್ಯಾಕೇಜ್: ಮೊದಲು ಅಂಚು ಕತ್ತರಿಸಿ

ಯಾವ ತಿಂಗಳು ಬಸಿರಾದವರಿಗೆ ದಿನ ತುಂಬುವ ಮೊದಲೇ ಹೆರಿಗೆ ಹೆಚ್ಚು ಎಂದು ಹುಡುಕುವವರಿಗೆ ಆರ್ ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್‌ನಲ್ಲಿ ಉಚಿತವಾಗಿ ಸಿಗುವ ಸಾಧನ ‘ಸೀಸನ್’. ಏಡ್ರಿಯನ್ ಬಾರ್ನೆಟ್, ಪೀಟರ್ ಬೇಕರ್ ಮತ್ತಿತರರು ಬರೆದದ್ದು. ಲೆಕ್ಕ ಅಚ್ಚುಕಟ್ಟು. ಆದರೆ ತಪ್ಪಾಗಿ ಆಯ್ದ ದಾಖಲೆ ಕೊಟ್ಟರೂ ಅಷ್ಟೇ ಅಚ್ಚುಕಟ್ಟಾದ ಋತುಮಾನದ ಗೆರೆ ಎಳೆದುಕೊಡುತ್ತದೆ.

ತಿಂಗಳುಗಳನ್ನು ಹೋಲಿಸುವ ಫಂಕ್ಷನ್ ‘ಮಂತ್‌ಜಿಎಲ್‌ಎಂ’ನಲ್ಲಿ, ತಿಂಗಳ ದಿನಗಳ ಹೆಚ್ಚುಕಡಿಮೆ ಸರಿದೂಗಿಸುವ ಆಫ್‌ಸೆಟ್‌ಮಂತ್ ಹಾಕುವುದನ್ನು ಮರೆಯಬೇಡಿ, ತಾನಾಗಿ ಅದು ಬರುವುದಿಲ್ಲ. ಬಿಟ್ಟರೆ 28 ದಿನದ ಫೆಬ್ರವರಿಗಿಂತ 31 ದಿನದ ಮಾರ್ಚ್‌ನಲ್ಲಿ ಹೆರಿಗೆ ಸುಮಾರು ಶೇ 11 ಏರಿದಂತೆ ಕಾಣುತ್ತದೆ. ಅಲೆಯಾಕಾರದ ಗೆರೆ ಹೊಂದಿಸುವ ಫಂಕ್ಷನ್ ‘ಕೊಸಿನರ್’ ಸೈನ್, ಕೊಸೈನ್ ಎರಡನ್ನೂ ಪರೀಕ್ಷಿಸುವುದರಿಂದ, ಫಲಿತಾಂಶ ಆಕಸ್ಮಿಕವಲ್ಲ ಎನ್ನಲು 0.05ರ ಬದಲು 0.025ರ ಗಡಿ ಹಿಡಿಯುತ್ತದೆ, ಮೆಚ್ಚತಕ್ಕ ಶಿಸ್ತು. ಅದರ ಮಿತಿ ಬೇರೆ: ವರ್ಷಕ್ಕೆ ಒಂದು ಏರು, ಆರು ತಿಂಗಳಾಚೆ ಒಂದು ಇಳಿ, ನೀವು ಬದಲಿಸದಿದ್ದರೆ ಇಷ್ಟೇ ಅದು ಹಿಡಿಯುವುದು. ಸಂಶೋಧಕರಾದ ಜಾನೆಟ್ ಕರಿ ಮತ್ತು ಶ್ವಾಂಟ್ 2013ರಲ್ಲಿ ಅಮೆರಿಕದ ದಾಖಲೆಗಳಲ್ಲಿ ಕಂಡ, ಮೇನಲ್ಲಿ ಗರ್ಭ ನಿಂತವರ ಗರ್ಭಾವಧಿಯ ಚೂಪು ಕುಸಿತದಂಥದ್ದನ್ನು ಇದು ಸವೆಸಿ ಚಪ್ಪಟೆ ಮಾಡುತ್ತದೆ.

ನಿಜವಾದ ಅಪಾಯ ಪ್ಯಾಕೇಜಿನ ಹೊರಗೇ ಇದೆ. 2015ರ ಜನವರಿ 1ರಿಂದ 2017ರ ಡಿಸೆಂಬರ್ 31ರವರೆಗಿನ ಹೆರಿಗೆಗಳು ನಿಮ್ಮಲ್ಲಿವೆ ಎನ್ನಿ. 2014ರ ಜೂನ್‌ನಲ್ಲಿ ಕೊನೆಯ ಮುಟ್ಟಾದವರಲ್ಲಿ 26 ವಾರಕ್ಕೇ ಹೆತ್ತವರು ಡಿಸೆಂಬರ್‌ನಲ್ಲೇ ಹೆತ್ತು ಪಟ್ಟಿಯಿಂದ ಹೊರಗುಳಿದಿರುತ್ತಾರೆ. ಉಳಿದವರು ದಿನ ತುಂಬಿದವರೇ ಹೆಚ್ಚು. 2017ರ ಜೂನ್‌ನವರಲ್ಲಿ ಇದು ತಿರುಗುಮುರುಗು: ದಿನ ತುಂಬಿದವರು 2018ಕ್ಕೆ ಜಾರುತ್ತಾರೆ, ಬೇಗ ಹೆತ್ತವರು ಮಾತ್ರ ಸಿಗುತ್ತಾರೆ. ಮಳೆಯೋ ಬಿಸಿಲೋ ಕಾರಣವಲ್ಲ, ಪಟ್ಟಿಯ ಅಂಚು ಕಾರಣ. ಒಂದೇ ವರ್ಷದ ದಾಖಲೆಯಲ್ಲಿ ಈ ಬಯಾಸ್ (ಒಂದೇ ಕಡೆ ವಾಲುವ ತಪ್ಪು) ಇನ್ನೂ ಜೋರು.

ಆದ್ದರಿಂದ ಹೆರಿಗೆ ದಿನದಿಂದ ಗರ್ಭಾವಧಿ ಕಳೆದು ಕೊನೆಯ ಮುಟ್ಟಿನ ದಿನ ತೆಗೆಯಿರಿ. ಅತಿ ಚಿಕ್ಕ ಗರ್ಭಾವಧಿ 20 ವಾರ, ಅತಿ ದೊಡ್ಡದು 43 ವಾರ ಎಂದಿಟ್ಟುಕೊಂಡು, ಆ ದಿನ ಪಟ್ಟಿಯ ಆರಂಭಕ್ಕಿಂತ 20 ವಾರ ಹಿಂದಿನಿಂದ, ಕೊನೆಗಿಂತ 43 ವಾರ ಹಿಂದಿನವರೆಗೆ ಇರುವವರನ್ನು ಮಾತ್ರ ಉಳಿಸಿಕೊಳ್ಳಿ. ಇಲ್ಲಿ ಅದು 2014ರ ಆಗಸ್ಟ್ 14ರಿಂದ 2017ರ ಮಾರ್ಚ್ 5. ತಿಂಗಳುಗಳು ಸಮನಾಗಿರಲು 2016ರ ಆಗಸ್ಟ್ 13ಕ್ಕೇ ನಿಲ್ಲಿಸಬೇಕು. ಮೂರು ವರ್ಷದ ದಾಖಲೆ ಎರಡಕ್ಕೆ ಇಳಿಯಿತೆಂದು ಹೊಟ್ಟೆ ಉರಿದರೂ ಕತ್ತರಿಸಲೇಬೇಕು.

ಹೆರಿಗೆಯ ತಿಂಗಳ ಪ್ರಕಾರ ಅವಧಿಪೂರ್ವ ಹೆರಿಗೆ ಎಣಿಸುವವರು, ಎಷ್ಟು ಜನರಲ್ಲಿ ಎಂದು ತಿಳಿಸುವ ಆಫ್‌ಸೆಟ್‌ಪಾಪ್‌ಗೆ ಆ ತಿಂಗಳ ಒಟ್ಟು ಹೆರಿಗೆ ಕೊಡಬೇಡಿ. ಆ ತಿಂಗಳು 20ರಿಂದ 36 ವಾರದಲ್ಲಿದ್ದ ಗರ್ಭಿಣಿಯರ ಸಂಖ್ಯೆ ಕೊಡಿ. ಲಾಗ್ ತೆಗೆಯಬೇಡಿ, ಫಂಕ್ಷನ್ನೇ ತೆಗೆದುಕೊಳ್ಳುತ್ತದೆ.

ಪ್ಯಾಕೇಜಿನ ಜೊತೆಗೆ ಬರುವ, ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್‌ನ 1998–2000ರ ಮೃತ ಜನನ ದತ್ತಾಂಶದಲ್ಲಿ (60,110 ಹೆರಿಗೆ, 352 ಮೃತ ಜನನ) ಗರ್ಭಾವಧಿಯ ಕಾಲಮ್ಮೂ ಇದೆ. ಕಲಿಯುವವರು ಈ ಕತ್ತರಿಯನ್ನು ಅದರ ಮೇಲೆ ಅಭ್ಯಾಸ ಮಾಡಬಹುದು.

ಕರ್ನಾಟಕದ ದಾಖಲೆ ಹಿಡಿದವರಿಗೆ ಇನ್ನೊಂದು ಮಾತು. ಆಷಾಢದಲ್ಲಿ ಹೊಸ ಸೊಸೆ ತವರಿಗೆ ಹೋಗುವ ಪದ್ಧತಿ ಇರುವಲ್ಲಿ ಚೊಚ್ಚಲ ಬಸಿರುಗಳ ಪಾಲು ತಿಂಗಳಿಂದ ತಿಂಗಳಿಗೆ ಬದಲಾಗಬಹುದು. ಆಷಾಢವಂತೂ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಪ್ರತಿವರ್ಷ ಸರಿಯುತ್ತದೆ. ಎಷ್ಟನೇ ಹೆರಿಗೆ ಎಂಬುದನ್ನು ಮಾದರಿಗೆ ಸೇರಿಸಿ. ತಾಯಿಯ ಗುರುತುಸಂಖ್ಯೆ ಇದ್ದರೆ ಒಬ್ಬಳೇ ತಾಯಿಯ ಮಕ್ಕಳನ್ನು ತಮ್ಮತಮ್ಮಲ್ಲೇ ಹೋಲಿಸುವುದು ಇನ್ನೂ ಮೇಲು. ಅದಕ್ಕೆ ಆರ್‌ನದೇ ‘ಸರ್ವೈವಲ್’ ಪ್ಯಾಕೇಜಿನ, ಗುಂಪಿನೊಳಗೇ ಹೋಲಿಸುವ ‘ಸಿಲಾಜಿಟ್’ ಫಂಕ್ಷನ್ ಬಳಸಿ.